ಕೊಳ್ಳುವ ಮೊದಲು ನೋಡಿಕೊಟ್ಟ ಕೋವಿಗಳು

ಕೋವಿ ಕೊಳ್ಳುವವರು ನನ್ನನ್ನು ಎರಡು ಸಲ ಕರೆಸುತ್ತಿದ್ದರು. ಕೊಳ್ಳುವ ಮೊದಲು ಒಂದು ಸಲ, ನನ್ನ ಮಾತು ಕೇಳದಿರುವುದಕ್ಕೆ; ಕೊಂಡ ಮೇಲೆ ಇನ್ನೊಂದು ಸಲ, ಬೈಯುವುದಕ್ಕೆ. ಚಿಕ್ಕಮಗಳೂರಿನ ಒಂದು ಕೋವಿ ಅಂಗಡಿಯಲ್ಲಿ ರಿಪೇರಿ ಕೆಲಸಕ್ಕಿದ್ದವನು ನಾನು. ಬಿಳಿ ದೊರೆಗಳು ಇನ್ನೂ ಕಾಫಿ ತೋಟಗಳಲ್ಲಿದ್ದ ಕಾಲ. ಎಲ್ಲಿ ಕೋವಿ ಕೈ ಬದಲಾದರೂ 'ಸಾಬ್ರನ್ನ ಕರೀರಿ, ಒಂದ್ಸಲ ನೋಡ್ಲಿ' ಅನ್ನುತ್ತಿದ್ದರು. ಇಪ್ಪತ್ತು ವರ್ಷ ನೋಡಿದೆ.

ಮರದ ಚೆಂದ

ವಸ್ತಾರೆ ಕಡೆಯ ಗೌಡರೊಬ್ಬರು ಅಂಗಡಿಗೆ ಬಂದು ಜೋಡುನಳಿಗೆ ಕೋವಿಯೊಂದನ್ನು ಮೆಚ್ಚಿಕೊಂಡರು. ಅದರ ಹಿಡಿಯ ಮರ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನಾನು ಸ್ಕ್ರೂಗಳನ್ನು ತೋರಿಸಿದೆ. ತಲೆಗಳೆಲ್ಲ ಕಿತ್ತುಹೋಗಿದ್ದವು.

'ಯಾರೋ ಇದನ್ನ ಬಿಚ್ಚಿ ಮತ್ತೆ ಜೋಡಿಸಿದ್ದಾರೆ ಗೌಡ್ರೆ. ಮರ ಕಬ್ಬಿಣಕ್ಕೆ ಸರಿಯಾಗಿ ಕೂತಿಲ್ಲ. ನೋಡಿ, ಸಂದಿಯಲ್ಲಿ ಕಾಗದ ತೂರುತ್ತೆ. ಹೊಡೆದಾಗ ಪೆಟ್ಟೆಲ್ಲ ಒಂದೇ ಕಡೆ ಬಿದ್ದು ಮರ ಸೀಳುತ್ತೆ.'

'ಕೋವಿ ಕೊಳ್ಳೋಕೆ ಬಂದ್ರೆ ಸ್ಕ್ರೂ ತೋರಿಸ್ತೀಯಲ್ಲ ಮಾರಾಯ. ಮರ ನೋಡು, ಎಂಥಾ ಚೆಂದ' ಅಂದರು, ಕೊಂಡು ಹೋದರು.

ಮೂರನೇ ಗುಂಡಿಗೆ ಹಿಡಿ ಸೀಳಿತು. ಎರಡು ತುಂಡನ್ನೂ ತಂದು ನನ್ನ ಮುಂದಿಟ್ಟು ಕೇಳಿದರು: 'ಮರ ಚೆನ್ನಾಗಿಲ್ಲ ಅಂತ ನೀನ್ಯಾಕೆ ಅವತ್ತೇ ಹೇಳ್ಲಿಲ್ಲ?'

ಎರಡು ನಂಬರು

ಮೂಡಿಗೆರೆ ಹತ್ತಿರದ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಿದ್ದ, ತನ್ನ ರೈಫಲನ್ನು ಪಕ್ಕದ ತೋಟದ ಯಜಮಾನರಿಗೆ ಮಾರುವವನಿದ್ದ. ಯಜಮಾನರು ನನ್ನನ್ನೂ ಬಂಗಲೆಗೆ ಕರೆದುಕೊಂಡು ಹೋದರು. ಅವರಿಬ್ಬರೂ ಕುರ್ಚಿಯಲ್ಲಿ, ನಾನು ಮೆಟ್ಟಿಲ ಹತ್ತಿರ.

ನಳಿಗೆಯ ಹಿಂಬದಿಯನ್ನು ಬಾಗಿಲ ಹಾಗೆ ಮುಚ್ಚುವ ಬೋಲ್ಟ್ ಎಳೆದು ನೋಡಿದೆ. ಅದರ ಮೇಲೆ ಕೆತ್ತಿದ ನಂಬರೇ ಬೇರೆ, ರೈಫಲಿನ ಮೈಮೇಲಿದ್ದ ನಂಬರೇ ಬೇರೆ. ಎರಡು ಕೆಟ್ಟ ರೈಫಲುಗಳನ್ನು ಸೇರಿಸಿ ಒಂದು ಮಾಡಿದ್ದರು. ಯಜಮಾನರಿಗೆ ಮೆಲ್ಲಗೆ ಹೇಳಿದೆ: 'ಈ ಬೋಲ್ಟ್ ಇದರದ್ದಲ್ಲ. ಗುಂಡಿನ ತೋಟಾದ ಹಿಂದೆ ಬಿಗಿಯಾಗಿ ನಿಲ್ಲೋದಿಲ್ಲ. ಬೆಂಕಿ ಮುಖಕ್ಕೆ ಬರಬಹುದು.'

ದೊರೆಗೆ ಅಷ್ಟು ಕನ್ನಡ ಬರುತ್ತಿತ್ತು. 'ನಮ್ಮ ದೇಶದಲ್ಲಿ ಎರಡು ನಂಬರ್ ಹಾಕ್ತಾರೆ' ಅಂದ.

ಯಜಮಾನರು ನನ್ನ ಕಡೆ ತಿರುಗಿದರು. 'ದೊರೆಗಳ ಹತ್ರ ತಪ್ಪಾಯ್ತು ಅನ್ನಿ ಸಾಬ್ರೆ.'

ಅಂದೆ. ಬೋಲ್ಟನ್ನು ನಂಬರು ಕಾಣುವ ಹಾಗೆ ಮೇಜಿನ ಮೇಲಿಟ್ಟೆ.

ದೊರೆ ಹಡಗು ಹತ್ತಿದ. ಯಜಮಾನರು ಕಡವೆಗೆ ಗುಂಡು ಹೊಡೆದು ತಮ್ಮ ಹುಬ್ಬು ಸುಟ್ಟುಕೊಂಡರು. ಹೋದ ದೊರೆಯ ತೋಟಕ್ಕೆ ಹೊಸದಾಗಿ ಬಂದ ಇನ್ನೊಬ್ಬ ದೊರೆ ರೈಫಲ್ ನೋಡಿ, ಇದು ಎರಡು ರೈಫಲಿನ ಕಸ ಅಂದನಂತೆ. ಯಜಮಾನರು ನನಗೆ ಹೇಳಿಕಳಿಸಿದರು. ಹೋದೆ. ಒಂದು ಮಾತು ಒಳ್ಳೆಯದು ಹೇಳುತ್ತಾರೆ ಅಂತ ಆಸೆಯಿತ್ತು.

'ನೋಡಿ ಸಾಬ್ರೆ, ಬಿಳಿಯರ ಕಣ್ಣು ಅಂದ್ರೆ ಹಾಗಿರ್ಬೇಕು. ನಂಬರ್ ನೋಡಿ ಒಂದೇ ಗಳಿಗೇಲಿ ಕಂಡುಹಿಡಿದ್ರು. ನೀವೂ ಸ್ವಲ್ಪ ಕಲಿತ್ಕೊಳ್ಳಿ.'

ಕಿವಿ

ಕಳಸದ ದೊಡ್ಡ ಜಮೀನ್ದಾರರೊಬ್ಬರು ಕೊಳ್ಳಲಿದ್ದ ರೈಫಲ್. ತೋಟಾ ಹಾಕದೆ, ಗುಂಡು ಹಾರದಂತೆ ತಡೆಯುವ ಸೇಫ್ಟಿ ಹಾಕಿ, ಹಿಡಿಯನ್ನು ನೆಲಕ್ಕೆ ಒಂದು ಸಲ ಕುಟ್ಟಿದೆ. ಟ್ರಿಗರ್ ಮುಟ್ಟದಿದ್ದರೂ ಒಳಗೆ ಟಕ್ ಅಂತು. ಟ್ರಿಗರ್ ಹಗುರವಾಗಲಿ ಅಂತ ಜೋಡಿಸುವಾಗ ಯಾರೋ ಒಳಗಿನ ಕೊಕ್ಕೆಯನ್ನು ಅರದಿಂದ ಉಜ್ಜಿ ಸವೆಸಿದ್ದರು.

'ಕಲ್ಲಿಗೆ ತಾಗಿದ್ರೂ ಗುಂಡು ಹಾರುತ್ತೆ ಒಡೆಯ.'

'ನಾನ್ಯಾಕೆ ಕಲ್ಲಿಗೆ ತಾಗಿಸ್ಲಿ?' ಅಂದರು, ಕೊಂಡರು.

ಸಂಸೆ ಕಾಡಿನಲ್ಲಿ ಹಂದಿ ಬೇಟೆಗೆ ಹೋದಾಗ ಪಾಚಿಗಲ್ಲಿನ ಮೇಲೆ ಜಾರಿದರು. ಗುಂಡು ಹಾರಿ, ಹಂದಿ ಎಬ್ಬಿಸಲು ಹೋಗಿದ್ದ ಆಳಿನ ಎಡಗಿವಿ ಹೋಯಿತು. ಗಾಯ ಮಾಗಿದ ಮೇಲೆ ಅವನು ಅಂಗಡಿಗೆ ಬಂದ, ತಲೆಗೆ ಹೊಸ ಕಂಬಳಿ. ಒಡೆಯರು ಕೊಟ್ಟದ್ದಂತೆ.

'ಆ ಕೋವಿ ರಿಪೇರಿಗೆ ಬಂದಿದ್ಯಾ ಸಾಬ್ರೆ?' ಅಂದ.

'ಇಲ್ಲಪ್ಪ. ಇನ್ನೂ ಅದ್ರಲ್ಲೇ ಬೇಟೆ ಆಡ್ತಾರಾ?'

'ಹೌದು. ನಾನೂ ಬರ್ಬೇಕು ಅಂದಿದ್ದಾರೆ. ಈ ಸಲ ಎಡಗಡೆ ನನ್ನ ಕಡೆಗಿರೋ ಹಾಗೆ ನಿಂತ್ಕೋ, ಅಲ್ಲಿ ಹೋಗೋಕೆ ಏನೂ ಉಳಿದಿಲ್ವಲ್ಲ ಅಂದ್ರು ಒಡೆಯರು.'

ಅವನೇ ಮೊದಲು ನಕ್ಕ. ಆಮೇಲೆ ನಾನೂ ನಕ್ಕೆ.

ಲೈಸೆನ್ಸು

ವಯಸ್ಸಾದ ಮೇಲೆ ಅಂಗಡಿ ಬಿಟ್ಟು ಕಳಸದ ಕಡೆ ತುಂಡು ಗದ್ದೆ ಮಾಡಿಕೊಂಡೆ. ಎರಡು ವರ್ಷ ಬೆಳೆಯನ್ನು ಹಂದಿಗಳೇ ತಿಂದವು. ಒಂದು ಕೋವಿಗೆ ಲೈಸೆನ್ಸು ಕೇಳೋಣ ಅಂತ ಕಚೇರಿಗೆ ಹೋದೆ.

'ಕೋವಿ ಬಗ್ಗೆ ಏನು ಗೊತ್ತು?' ಅಂತ ಅಧಿಕಾರಿ ಕೇಳಿದರು.

ಅಷ್ಟು ವರ್ಷಗಳಲ್ಲಿ ಮೊದಲ ಸಲ ಒಬ್ಬರು ನನ್ನ ಮಾತನ್ನು ಪೂರ್ತಿ ಕೇಳಿದರು. ಉತ್ಸಾಹದಿಂದ ಎಲ್ಲ ಹೇಳಿದೆ: ನಳಿಗೆ ಸೊಟ್ಟಗಿದ್ದರೆ ಹೇಗೆ ತಿಳಿಯಬೇಕು, ನಳಿಗೆಯ ತುದಿಯ ಗುರಿಕಾಯಿ ಓರೆಯಾಗಿ ಕೂತಿದ್ದರೆ ಎಲ್ಲಿ ಕಾಣುತ್ತದೆ, ಹತ್ತು ನಿಮಿಷದಲ್ಲಿ ಹೇಗೆ ಬಿಚ್ಚಿ ಜೋಡಿಸಬೇಕು.

ಅವರು ಲೇಖನಿ ಕೆಳಗಿಟ್ಟರು. 'ಇಷ್ಟೆಲ್ಲ ಗೊತ್ತಿರೋನ ಕೈಗೆ ಕೋವಿ ಕೊಡೋದು ಸರ್ಕಾರಕ್ಕೆ ಕ್ಷೇಮ ಅಲ್ಲ' ಅಂದರು. ಅರ್ಜಿ ವಾಪಸ್ಸು ಬಂತು.

ನನ್ನ ಹಿಂದೆ ನಿಂತಿದ್ದವರು ಒಬ್ಬ ಸಾಹುಕಾರರು. 'ನನಗೇನೂ ಗೊತ್ತಿಲ್ಲ ಸ್ವಾಮಿ. ಪಡಸಾಲೆಗೆ ಶೋಭೆಗೆ ಒಂದಿರಲಿ ಅಂತ' ಅಂದರು. ಅಲ್ಲೇ ಮೊಹರು ಬಿತ್ತು.

ಜಗಲಿಯಲ್ಲಿ ಅರ್ಜಿ ಮಡಚಿಕೊಳ್ಳುತ್ತ ನಿಂತಿದ್ದೆ. ಸಾಹುಕಾರರು ಬಂದು ಹೆಗಲ ಮೇಲೆ ಕೈಯಿಟ್ಟರು. 'ಬೇಜಾರು ಮಾಡ್ಕೋಬೇಡಿ ಸಾಬ್ರೆ. ಬನ್ನಿ, ನನಗೊಂದು ಒಳ್ಳೆ ಕೋವಿ ನೋಡಿಕೊಡಿ. ಆದ್ರೆ ನಿಮಗೆ ಲೈಸೆನ್ಸ್ ಇಲ್ವಲ್ಲ, ಮುಟ್ಟೋದು ಬೇಡ. ದೂರ ನಿಂತೇ ನೋಡಿ ಹೇಳಿ.'