ಫ್ರಾಕಿನ ಮೇಲೆ ನಲವತ್ತೊಂದು ಮುತ್ತು

ಕೆಲವರಿಗೆ ಬಾಯಿ ಸುಮ್ಮನಿರುವುದಿಲ್ಲ, ಕೆಲವರಿಗೆ ಕಾಲು. ನನಗೆ ಕೈ. ಖಾಲಿ ಡಬ್ಬಿಯೊಂದು ಕಣ್ಣಿಗೆ ಬಿದ್ದರೆ ಅದನ್ನು ಕಸದ ಬುಟ್ಟಿಗೆ ಹಾಕುವಷ್ಟು ಕಲ್ಲೆದೆಯನ್ನು ದೇವರು ನನಗೆ ಕೊಟ್ಟಿಲ್ಲ. ಆ ಡಬ್ಬಿ ಇನ್ನೇನೋ ಆಗಬೇಕೆಂದೇ ಹುಟ್ಟಿದೆ, ಆಗಿಸಬೇಕಾದವಳು ನಾನೇ ಎಂಬ ನಂಬಿಕೆ ಮದುವೆಗೆ ಮುಂಚಿನಿಂದಲೂ ನನ್ನಲ್ಲಿದೆ. ತೊಂಬತ್ತರ ದಶಕದಲ್ಲಿ ವಾರಪತ್ರಿಕೆಗಳ ಮಹಿಳೆಯರ ಪುಟದಲ್ಲಿ ಕಸದಿಂದ ರಸ ತೆಗೆಯುವ ವಿಧಾನಗಳು ಬರುತ್ತಿದ್ದವಲ್ಲ, ಅವನ್ನೆಲ್ಲ ಕತ್ತರಿಸಿ ಅಂಟಿಸಿದ ದಪ್ಪ ಪುಸ್ತಕವೊಂದು ನನ್ನ ಹತ್ತಿರ ಇತ್ತು. ಆಗ ನಮ್ಮ ವಿದ್ಯಾರಣ್ಯಪುರಂ ಮನೆಗೆ ಬಂದವರು ಕೂರುವ ಮುಂಚೆ ಒಮ್ಮೆ ಬಗ್ಗಿ ನೋಡಿಕೊಳ್ಳುತ್ತಿದ್ದರು, ಅದು ನಿಜವಾಗಿಯೂ ಕುರ್ಚಿಯೋ ಅಥವಾ ನಾನು ಮಾಡಿಟ್ಟ ಮತ್ತೇನೋ ಎಂದು.

ಹಾಳಾದ ಕ್ಯಾಸೆಟ್ಟುಗಳ ಡಬ್ಬಿಗೆ ಸ್ಪಂಜು ತುಂಬಿ ಅದರಲ್ಲಿ ಓಲೆಗಳನ್ನು ಚುಚ್ಚಿಡುತ್ತಿದ್ದೆ. ಕ್ಯಾಮೆರಾ ರೀಲಿನ ಪುಟ್ಟ ಕಪ್ಪು ಡಬ್ಬಿಗಳಲ್ಲಿ ಹುಕ್ಕು, ಗುಂಡಿ, ಪಿನ್ನು. ಹರಿದ ಜರಡಿಯ ಸುತ್ತ ಬಣ್ಣದ ಟೇಪು ಸುತ್ತಿ ಗೋಡೆಗೆ ತಗುಲಿಹಾಕಿ ಅದರ ತೂತುಗಳಿಗೆ ಜುಮುಕಿ ನೇತುಹಾಕಿದ್ದೆ. ನಮ್ಮ ಮನೆಯವರ ಬೆಲ್ಟುಗಳನ್ನು ಓರಣವಾಗಿಡಲು ಒಂದು ಹ್ಯಾಂಗರಿಗೆ ಹಳೆಯ ಪ್ಲಾಸ್ಟಿಕ್ ಬಳೆಗಳನ್ನು ಸಾಲಾಗಿ ಕಟ್ಟಿದ್ದೆ. ಬೆಳಿಗ್ಗೆ ಆಫೀಸಿಗೆ ಹೊರಡುವ ಅವಸರದಲ್ಲಿ ಅವರು ಒಂದು ಬೆಲ್ಟು ಎಳೆದರೆ ಹ್ಯಾಂಗರು, ಬಳೆ, ಉಳಿದ ಬೆಲ್ಟುಗಳು ಎಲ್ಲವೂ ಮೆರವಣಿಗೆಯಲ್ಲಿ ಬರುತ್ತಿದ್ದವು. ಅವರು ಸಾಧು ಮನುಷ್ಯ, ಏನೂ ಅನ್ನುತ್ತಿರಲಿಲ್ಲ. ಕರವಸ್ತ್ರದ ಮೂಲೆಗೆ ನಾನು ಹೊಲಿದಿದ್ದ ಗಾಜಿನ ಮಣಿ ಅವರ ಮೂಗನ್ನು ತರಚಿದ ದಿನ ಮಾತ್ರ, ಮೂಗು ಒರೆಸಿಕೊಳ್ಳುವುದಕ್ಕೆ ಅಲಂಕಾರ ಬೇಕಾಗಿಲ್ಲ ಎಂದು ಮೆತ್ತಗೆ ಹೇಳಿದ್ದರು. ನಾನು ಒಂದು ವಾರ ಮಾತು ಬಿಟ್ಟಿದ್ದೆ.

ಇಂಥ ನನ್ನ ಕೈಗೆ ಒಂದು ಏಪ್ರಿಲ್‌ನಲ್ಲಿ ನಮ್ಮತ್ತೆಯ ಫ್ರಾಕು ಬಂತು. ನಮ್ಮತ್ತೆ ತೊಟ್ಟದ್ದಲ್ಲ, ಹೊಲಿದದ್ದು. ನಮ್ಮ ಕ್ರೈಸ್ತರಲ್ಲಿ ಮಕ್ಕಳಿಗೆ ಎಂಟೋ ಒಂಬತ್ತೋ ವರ್ಷವಾದಾಗ ಚರ್ಚಿನಲ್ಲಿ ಮೊದಲ ಸಲ ಪರಮಪ್ರಸಾದ ಕೊಡುತ್ತಾರೆ. ಹೆಣ್ಣುಮಕ್ಕಳಿಗೆ ಅವತ್ತು ಬಿಳಿ ಫ್ರಾಕು, ತಲೆಗೆ ಬಿಳಿ ಮುಸುಕು. ಅತ್ತೆ ತಮ್ಮ ಹಿರಿಯ ಮೊಮ್ಮಗಳಿಗೆಂದು ಬಿಳಿ ಸ್ಯಾಟಿನ್ ಬಟ್ಟೆಯಲ್ಲಿ ಆ ಫ್ರಾಕು ಹೊಲಿದಾಗ ಅವರ ಒಂದು ಕಣ್ಣಿಗೆ ಪೊರೆ ಬಂದಿತ್ತಂತೆ. ಅವಳೂ ಸೇರಿ ಮನೆತನದ ಐದು ಹುಡುಗಿಯರು ಅದನ್ನೇ ತೊಟ್ಟು ಪ್ರಸಾದ ತೆಗೆದುಕೊಂಡರು. ಅತ್ತೆ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು. ಆರನೆಯವಳು ನನ್ನ ಮಗಳು ರೀನಾ. ಅವಳದಾದ ಮರುವಾರವೇ ಏಳನೆಯವಳು ಅನಿತಾ, ನಮ್ಮ ಮನೆಯವರ ಅಕ್ಕ ಫಿಲೋಮಿನಕ್ಕನ ಕೊನೆಯ ಮಗಳು.

ಫ್ರಾಕು ಇರುತ್ತಿದ್ದುದು ಫಿಲೋಮಿನಕ್ಕನ ನಜರ್‌ಬಾದಿನ ಮನೆಯ ಟ್ರಂಕಿನಲ್ಲಿ. ಅವರು ಅದನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ತಂದರು. ಮೇಜಿನ ಮೇಲಿಟ್ಟು, ನನ್ನ ಗೋಡೆಯ ಜರಡಿಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು.

“ಗಿಡ್ಡ ಆದ್ರೆ ಕೆಳಗಿನ ಮಡಿಕೆ ಬಿಚ್ಕೋ. ಅದು ಬಿಟ್ರೆ ಒಂದೇ ಒಂದು ಹೊಲಿಗೆ ಹಾಕ್ಕೂಡದು ಕಣಮ್ಮ ಸ್ಟೆಲ್ಲಾ. ಅಮ್ಮನ ಕೈದು ಅಂತ ನಮಗೆ ಉಳಿದಿರೋದು ಇದೊಂದೇ.”

ನಾನು ಹೂಂ ಅಂದೆ. ಆ ಕ್ಷಣದಲ್ಲಿ ಮನಸ್ಸಿನಿಂದಲೇ ಅಂದೆ. ಆದರೆ ಶುಕ್ರವಾರ ಮಕ್ಕಳನ್ನು ತಾಲೀಮಿಗೆ ಚರ್ಚಿಗೆ ಕರೆದುಕೊಂಡು ಹೋದಾಗ ತಾಯಂದಿರೆಲ್ಲ ಸೇರಿದ್ದರು. ಒಬ್ಬರ ಮಗಳಿಗೆ ಮೂರು ಸುತ್ತಿನ ಝಾಲರಿಯಂತೆ, ಇನ್ನೊಬ್ಬರ ಮಗಳಿಗೆ ತೋಳಿನ ತುಂಬ ಮಣಿಯಂತೆ. ನನ್ನನ್ನು ಕೇಳಿದರು. ಮನೆಯಲ್ಲಿರುವ ಹಳೆಯದೇ, ಸಾದಾ ಬಿಳಿ ಎಂದೆ. “ಪಾಪ, ಸಿಂಪಲ್ಲಾಗಿ ಚೆನ್ನಾಗೇ ಇರುತ್ತೆ ಬಿಡಿ” ಎಂದರು ಒಬ್ಬರು. ಆ ‘ಪಾಪ’ ಇದೆಯಲ್ಲ, ಅದು ನನ್ನ ಹೊಟ್ಟೆಯೊಳಗೆ ಇಳಿದು ಅಲ್ಲೇ ಕೂತುಬಿಟ್ಟಿತು. ರೀನಾ ಮಾತ್ರ ಏನೂ ಕೇಳಿರಲಿಲ್ಲ. ಕೇಳದೇ ಇರುವ ಮಗುವಿನ ಮನಸ್ಸಿನಲ್ಲಿ ಎಷ್ಟು ದುಃಖವಿರಬೇಕು ಎಂದು ನಾನೇ ಅವಳ ಪರವಾಗಿ ಸಂಕಟಪಟ್ಟೆ.

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರೆ. ನಾನು ಬಿಟ್ಟುಕೊಂಡದ್ದು ಮುತ್ತು. ಶನಿವಾರ ಬೆಳಿಗ್ಗೆ ದೇವರಾಜ ಮೊಹಲ್ಲಾದ ಲೇಸಿನ ಅಂಗಡಿಗೆ ಹೋಗಿ ಪ್ಲಾಸ್ಟಿಕ್ ಮುತ್ತು ತಂದೆ. ಇದಕ್ಕೆ ತೂತಿದೆ, ಸೂಜಿಯಲ್ಲಿ ಹೊಲಿಯಬೇಕು ಎಂದು ಅಂಗಡಿಯವರು ವಿವರಿಸಿದರು. ನನಗೇ ಪಾಠ ಹೇಳುತ್ತಾರಲ್ಲ ಎಂದು ಸಿಟ್ಟು ಬಂತು. ಹೊಲಿಯುವ ಯೋಚನೆ ನನಗಿರಲೇ ಇಲ್ಲ. ಫಿಲೋಮಿನಕ್ಕ ಬೇಡವೆಂದದ್ದು ಹೊಲಿಗೆಯನ್ನು. ಅಂಟು ಹೊಲಿಗೆಯಲ್ಲ. ಬಿಳಿ ಗೋಂದಿನಲ್ಲಿ ಅಂಟಿಸುವುದು, ಸೋಮವಾರ ನೀರಿನಲ್ಲಿ ನೆನೆಹಾಕುವುದು, ಗೋಂದು ಕರಗಿ ಮುತ್ತು ಕಳಚುತ್ತದೆ, ಫ್ರಾಕು ಮತ್ತೆ ಸಾದಾ. ಅನಿತಾಗೆ ಅದೇ ಹೊತ್ತಿಗೆ ಅವರ ಕಡೆಯ ಚರ್ಚಿನಲ್ಲಿ ಧರ್ಮಪಾಠದ ತರಗತಿ ಇರುವುದರಿಂದ ಭಾನುವಾರ ಬರಲಾಗುವುದಿಲ್ಲ ಎಂದು ಫಿಲೋಮಿನಕ್ಕ ಮೊದಲೇ ಹೇಳಿದ್ದರು. ಇಷ್ಟು ಅಚ್ಚುಕಟ್ಟಾದ ಯೋಜನೆಯನ್ನು ನಾನು ಜೀವನದಲ್ಲಿ ಬೇರೆ ಯಾವುದಕ್ಕೂ ಹಾಕಿದವಳಲ್ಲ. ಮಧ್ಯಾಹ್ನ ಕೂತು ಕುತ್ತಿಗೆಯ ಸುತ್ತ, ಎದೆಯ ಮೇಲೆ ನಲವತ್ತೊಂದು ಮುತ್ತು ಅಂಟಿಸಿದೆ. ನಮ್ಮ ಮನೆಯವರು ನೋಡಿ, ಅಕ್ಕನಿಗೆ ಗೊತ್ತಾ ಎಂದು ಕೇಳಿದರು. ಗೊತ್ತಾಗುವುದಿಲ್ಲ ಎಂದೆ.

ಭಾನುವಾರ ಮಕ್ಕಳ ಸಾಲಿನಲ್ಲಿ ರೀನಾ ಚರ್ಚಿನೊಳಗೆ ನಡೆದುಬಂದಾಗ ನನಗೆ ಕಣ್ಣು ತುಂಬಿತು. ಮೂರು ಸುತ್ತಿನ ಝಾಲರಿಗಳೆಲ್ಲ ಮಂಕಾಗಿದ್ದವು. ‘ಪಾಪ’ ಎಂದವರು ಎಲ್ಲಿ ಕೂತಿದ್ದಾರೆಂದು ಹುಡುಕಲು ಹಿಂತಿರುಗಿದೆ. ಸರಿಯಾಗಿ ನನ್ನ ಹಿಂದಿನ ಬೆಂಚಿನಲ್ಲಿ ಫಿಲೋಮಿನಕ್ಕ ಕೂತಿದ್ದರು, ಪಕ್ಕದಲ್ಲಿ ಅನಿತಾ. ತರಗತಿ ಬೇಗ ಮುಗಿಯಿತಂತೆ. ಅವರು ನನ್ನನ್ನು ನೋಡುತ್ತಿರಲಿಲ್ಲ, ರೀನಾಳ ಕುತ್ತಿಗೆಯನ್ನು ನೋಡುತ್ತಿದ್ದರು. ನಾನು ಮುಂದಕ್ಕೆ ತಿರುಗಿದವಳು ಪೂಜೆ ಮುಗಿಯುವತನಕ ಕತ್ತು ಅಲುಗಿಸಲಿಲ್ಲ.

ಪೂಜೆಯ ಆರಂಭದಲ್ಲಿ ಗುರುಗಳು ಪವಿತ್ರ ಜಲ ಚಿಮುಕಿಸುತ್ತಾರೆ ಎನ್ನುವುದು ಹುಟ್ಟಿದಂದಿನಿಂದ ಪ್ರತಿ ಭಾನುವಾರ ಚರ್ಚಿಗೆ ಹೋಗುವ ನನಗೆ ನೆನಪಿರಬೇಕಿತ್ತು. ನಮ್ಮ ಗುರುಗಳು ಎಪ್ಪತ್ತು ದಾಟಿದವರು, ಧಾರಾಳ ಕೈ. ಅದರಲ್ಲೂ ಅವತ್ತು ಮಕ್ಕಳ ದಿನವೆಂದು ಮುಂದಿನ ಸಾಲಿನವರಿಗೆ ಎರಡೆರಡು ಸಲ ಚಿಮುಕಿಸಿದರು. ರೀನಾ ಮುಂದಿನ ಸಾಲಿನಲ್ಲೇ ಇದ್ದಳು. ಮೇಲೆ ಏಪ್ರಿಲ್ ಸೆಕೆ, ಬೆವರು. ನೀರಿನಲ್ಲಿ ಕರಗುವ ಗೋಂದನ್ನೇ ನಾನು ಆರಿಸಿ ಹಚ್ಚಿದ್ದೆ.

ಬೈಬಲ್ ವಾಚನಗಳು ಮುಗಿದವು, ಗುರುಗಳ ಪ್ರಸಂಗ ಮುಗಿಯಿತು, ಏನೂ ಆಗಲಿಲ್ಲ. ಗುರುಗಳು ಪ್ರಸಾದವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಇಡೀ ಚರ್ಚು ಉಸಿರು ಬಿಗಿಹಿಡಿದು ಮಂಡಿಯೂರಿತ್ತು, ಮುಂದಿನ ಸಾಲಿನ ಮಕ್ಕಳು ಮಾತ್ರ ಕೈ ಮುಗಿದು ನಿಂತಿದ್ದರು. ಆಗ ಕೇಳಿಸಿತು, ಟಕ್. ಆಮೇಲೆ ಟಕ್, ಟಕ್, ಟಕಟಕ ಎಂದು ನೆಲದ ಮೇಲೆ ಪುಟಿಯುತ್ತ ಹೋಯಿತು. ರೀನಾ ಕೆಳಗೆ ನೋಡಿದಳು. ನಿಧಾನವಾಗಿ ಕಾಲು ಸರಿಸಿ ಮುತ್ತಿನ ಮೇಲೆ ಬೂಟು ಇಟ್ಟಳು. ಎರಡನೆಯದು ಬಿತ್ತು. ಅದರ ಮೇಲೆ ಇನ್ನೊಂದು ಬೂಟು ಇಟ್ಟಳು. ಮೂರನೆಯದು ಬಿದ್ದಾಗ ಅವಳ ಹತ್ತಿರ ಕಾಲು ಉಳಿದಿರಲಿಲ್ಲ. ಹಿಂದಿನಿಂದ ಫಿಲೋಮಿನಕ್ಕನ ಜಪಸರದ ಸದ್ದು ನಿಂತುಹೋದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ನಾನು ಪ್ರಾರ್ಥನೆ ಮಾಡಿದೆ. ಇಷ್ಟು ವರ್ಷ ಕ್ರೈಸ್ತಳಾಗಿದ್ದು ಅಷ್ಟು ಮನಸ್ಸಿಟ್ಟು ಎಂದೂ ಮಾಡಿರಲಿಲ್ಲ, ಮತ್ತು ಕೇಳಿಕೊಂಡದ್ದು ಗೋಂದಿನ ವಿಷಯ.

ನಾಲ್ಕನೆಯ ಮುತ್ತು ಉರುಳಿಕೊಂಡು ಹೋಗಿ ಬಲಿಪೀಠದ ಕೆಳಗಿನ ಮೆಟ್ಟಿಲಿನ ಬುಡದಲ್ಲಿ ನಿಂತಿತು. ಗುರುಗಳು ಇನ್ನು ಪ್ರಸಾದದ ಪಾತ್ರೆ ಹಿಡಿದು ಆ ಮೂರು ಮೆಟ್ಟಿಲು ಇಳಿದು ಮಕ್ಕಳ ಹತ್ತಿರ ಬರಬೇಕು. ಅವರಿಗೆ ಮಂಡಿನೋವು, ಕನ್ನಡಕವನ್ನು ಪೀಠದ ಮೇಲೆಯೇ ಬಿಟ್ಟಿದ್ದರು. ನನ್ನ ಕಣ್ಣ ಮುಂದೆ ಅವರು ಜಾರಿದ್ದು, ಪಾತ್ರೆ ಉರುಳಿದ್ದು, ಎಲ್ಲ ಬಂದುಹೋಯಿತು. ಫ್ರಾಕು, ಫಿಲೋಮಿನಕ್ಕ, ಎಲ್ಲ ಮರೆತುಹೋಯಿತು. ಅವರು ಮೊದಲ ಮೆಟ್ಟಿಲು ಇಳಿದರು. ನಾನು ನಾಲ್ಕನೆಯ ಬೆಂಚಿನಿಂದ ಎದ್ದೆ. ತಲೆಯ ಮೇಲಿನ ಸೆರಗು ಎಳೆದುಕೊಂಡು, ಕೈ ಮುಗಿದುಕೊಂಡು, ನಡುದಾರಿಯಲ್ಲಿ ದಡದಡನೆ ನಡೆದು ಹೋಗಿ, ಅವರು ಕೊನೆಯ ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಆ ಮುತ್ತಿನ ಮೇಲೆ ಮಂಡಿಯೂರಿದೆ.

ಗುರುಗಳು ನಿಂತರು. ನನ್ನನ್ನು ನೋಡಿ, ಬಲು ಮೃದುವಾಗಿ ನಕ್ಕು, ಸುತ್ತಿ ಬಳಸಿ ಮಕ್ಕಳ ಹತ್ತಿರ ಹೋದರು. ಬಗ್ಗಿ ಹೆಕ್ಕಿಕೊಂಡರೆ ಎಲ್ಲರಿಗೂ ಗೊತ್ತಾಗುತ್ತದೆ, ಎದ್ದರೆ ಮುತ್ತು ಕಾಣುತ್ತದೆ. ಅವರು ಇನ್ನೂ ಅಲ್ಲೇ ಓಡಾಡಬೇಕು. ಇಪ್ಪತ್ತಮೂರು ಮಕ್ಕಳಿಗೂ ಪ್ರಸಾದ ಕೊಟ್ಟು ಮುಗಿಯುವವರೆಗೆ ನಾನು ಅಲುಗದೆ ಅಲ್ಲೇ ಇದ್ದೆ. ಪ್ಲಾಸ್ಟಿಕ್ ಮುತ್ತು ಮಂಡಿಚಿಪ್ಪಿನ ಕೆಳಗೆ ಎಷ್ಟು ದೊಡ್ಡದಾಗಬಲ್ಲದು ಎನ್ನುವುದು ಅನುಭವಿಸಿದವರಿಗೇ ಗೊತ್ತು. ನನ್ನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅದನ್ನು ನೋಡಿ ಎಡಗಡೆಯ ಬೆಂಚಿನ ಇಬ್ಬರು ಹೆಂಗಸರು ತಾವೂ ಅತ್ತರು. ಸ್ಟೆಲ್ಲಾಳ ಭಕ್ತಿಯ ಬಗ್ಗೆ ನಮ್ಮ ಚರ್ಚಿನಲ್ಲಿ ಆಮೇಲೂ ಬಹಳ ದಿನ ಮಾತು ನಡೆಯಿತು.

ಪೂಜೆ ಮುಗಿದು ಹೊರಗೆ ಬಂದಾಗ ಮುತ್ತು ನನ್ನ ಸೀರೆಗೆ ಮೆತ್ತಿಕೊಂಡಿತ್ತು. ಫಿಲೋಮಿನಕ್ಕ ಬಗ್ಗಿ ಅದನ್ನು ಕಿತ್ತು ನನ್ನ ಅಂಗೈಯಲ್ಲಿಟ್ಟರು. “ಮಂಗಳವಾರ ಫ್ರಾಕು ತಗೊಂಡ್ಬಾ” ಎಂದರು, ಅಷ್ಟೇ. ಮಧ್ಯಾಹ್ನದ ಊಟಕ್ಕೂ ನಿಲ್ಲದೆ ಅನಿತಾಳ ಕೈ ಹಿಡಿದುಕೊಂಡು ಹೊರಟುಬಿಟ್ಟರು. ಬೈದಿದ್ದರೆ ಒಂದು ಹೊತ್ತಿನ ನಿದ್ದೆಯಾದರೂ ಬರುತ್ತಿತ್ತು.

ಸೋಮವಾರ ಫ್ರಾಕನ್ನು ನೆನೆಹಾಕಿದೆ. ನನ್ನ ಯೋಜನೆಯಂತೆಯೇ ಗೋಂದು ಕರಗಿತು, ಮುತ್ತು ಕಳಚಿತು. ಯೋಜನೆಯಲ್ಲಿ ಇಲ್ಲದ್ದು ಒಂದೇ. ಗೋಂದು ಇದ್ದ ಕಡೆಯೆಲ್ಲ ಸ್ಯಾಟಿನ್ನಿನ ಹೊಳಪು ಹೋಗಿ ಒಂದೊಂದು ಮಂಕು ಮಚ್ಚೆ ಉಳಿದಿತ್ತು. ಉಜ್ಜಿದೆ, ಮಚ್ಚೆ ಅಗಲವಾಯಿತು. ಇಸ್ತ್ರಿ ಮಾಡಿದೆ, ಇನ್ನೂ ಚೆನ್ನಾಗಿ ಕಂಡಿತು. ಆಗ ಮೊದಲ ಸಲ ಆ ಫ್ರಾಕನ್ನು ಸರಿಯಾಗಿ ನೋಡಿದೆ. ಕುತ್ತಿಗೆಯ ಸುತ್ತ ಎಷ್ಟು ಸಣ್ಣ ಹೊಲಿಗೆ, ಕೆಲವು ಕಡೆ ಸ್ವಲ್ಪ ಸೊಟ್ಟ. ಪೊರೆ ಬಂದ ಕಣ್ಣಿನಲ್ಲಿ ಹಾಕಿದ್ದು. ಬಚ್ಚಲುಮನೆಯ ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟೆ. ನಮ್ಮ ಮನೆಯವರು ಬಂದು ನೋಡಿ, ಸುಳ್ಳು ಮಾತ್ರ ಹೇಳಬೇಡ ಎಂದಷ್ಟೇ ಹೇಳಿ ಹೋದರು. ನಾನು ಆಗಲೇ ಮೇಣದಬತ್ತಿ, ಪಾರಿವಾಳ, ಅಗಸ ಎಂದು ಮೂರು ಸುಳ್ಳು ಸಿದ್ಧಮಾಡಿಕೊಂಡಿದ್ದೆ.

ಮಂಗಳವಾರ ಸಿಟಿ ಬಸ್ಸಿನಲ್ಲಿ ನಜರ್‌ಬಾದಿಗೆ ಹೋಗುವಷ್ಟರಲ್ಲಿ ಮೂರೂ ಸುಳ್ಳು ಒಂದರೊಳಗೊಂದು ಕಲಸಿಹೋಗಿದ್ದವು. ಫಿಲೋಮಿನಕ್ಕ ಫ್ರಾಕನ್ನು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಒಂದೊಂದೇ ಮಚ್ಚೆಯ ಮೇಲೆ ಬೆರಳು ಆಡಿಸಿದರು. ನನ್ನಿಂದ ತಡೆಯಲಾಗಲಿಲ್ಲ. ‘ಪಾಪ’ ಎಂದವರಿಂದ ಹಿಡಿದು ಬಚ್ಚಲಿನವರೆಗೆ ಎಲ್ಲವನ್ನೂ ಒದರಿಬಿಟ್ಟೆ. ಹೊಲಿಗೆ ಹಾಕಬೇಡ ಅಂದಿದ್ದಿರಿ, ಅದಕ್ಕೇ ಅಂಟು ಹಾಕಿದೆ ಎಂದೂ ಹೇಳಿದೆ. ಹೇಳುವಾಗಲೇ ಅದು ಎಷ್ಟು ನಾಚಿಕೆಗೇಡಿನ ಮಾತೆಂದು ನನಗೆ ಗೊತ್ತಾಯಿತು.

ಅವರು ಫ್ರಾಕನ್ನು ಕಿಟಕಿಯ ಬೆಳಕಿನಿಂದ ಕೆಳಗಿಳಿಸಿದರು. ಬರುವ ಭಾನುವಾರ ಅನಿತಾಗೆ ತೊಡಿಸಲು ಬೇರೆ ಫ್ರಾಕು ಇರಲಿಲ್ಲ. ಇದ್ದಿದ್ದರೂ ಅವರು ತೊಡಿಸುತ್ತಿರಲಿಲ್ಲ. ನನ್ನ ಕಡೆ ತಿರುಗಿ ಕೇಳಿದರು, “ಮುತ್ತು ಎಷ್ಟು ಉಳಿದಿದೆ?”

ಮೂವತ್ತೆಂಟು ಎಂದೆ. ನನ್ನ ಚೀಲದಲ್ಲೇ ಇದ್ದವು, ಯಾಕೆ ತಂದಿದ್ದೆನೋ ನನಗೇ ಗೊತ್ತಿಲ್ಲ.

“ಭಾನುವಾರದಿಂದ ಇವಳು ಮುತ್ತು ಬೇಕು ಅಂತ ಒಂದೇ ಸಮ ಅಳ್ತಾ ಕೂತವಳೆ” ಎಂದರು ಮೂಲೆಯಲ್ಲಿ ಕೂತಿದ್ದ ಅನಿತಾಳ ಕಡೆ ಕೈ ತೋರಿಸಿ. “ಸೂಜಿ ತಗೋ. ಅಂಟು ಅಂದ್ರೆ ಕೈ ಮುರಿದ್ಬುಡ್ತೀನಿ.”

ಇಬ್ಬರೂ ಕಿಟಕಿಯ ಪಕ್ಕ ಕೂತು ಮಚ್ಚೆಗೊಂದರಂತೆ ಮುತ್ತು ಹೊಲಿದೆವು. ನನ್ನ ಹೊಲಿಗೆಯನ್ನು ಅವರು ನಾಲ್ಕು ಸಲ ಬಿಚ್ಚಿಸಿದರು. ನಡುವೆ ಒಮ್ಮೆ, ಅಮ್ಮ ಇದ್ದಿದ್ದರೆ ತಮ್ಮ ಹೊಲಿಗೆಯನ್ನೂ ಹೀಗೇ ಬಿಚ್ಚಿಸುತ್ತಿದ್ದರು ಎಂದು ಹೇಳಿ ಮೂಗು ಒರೆಸಿಕೊಂಡರು. ಮುತ್ತು ಸಾಲದೆ ಉಳಿದ ಮೂರು ಮಚ್ಚೆಗಳು ಹಿಂದುಗಡೆ ಮುಸುಕಿನ ಅಡಿಯಲ್ಲಿ ಮರೆಯಾದವು.

ಮರುಭಾನುವಾರ ಅವರ ಚರ್ಚಿನಲ್ಲಿ ನಾನು ಕಿವಿ ನಿಮಿರಿಸಿಕೊಂಡೇ ಕೂತಿದ್ದೆ. ಪವಿತ್ರ ಜಲ ಬಿತ್ತು, ಮೌನವಾಯಿತು, ಒಂದು ಮುತ್ತೂ ಬೀಳಲಿಲ್ಲ. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಹೆಂಗಸರು ಅನಿತಾಳನ್ನು ಸುತ್ತುವರಿದರು. ವಯಸ್ಸಾದ ಒಬ್ಬ ಅಜ್ಜಿ ಫ್ರಾಕಿನ ಕುತ್ತಿಗೆಯನ್ನು ಕಣ್ಣಿನ ಹತ್ತಿರ ಹಿಡಿದು, ಒಂದೊಂದೇ ಮುತ್ತನ್ನು ಮುಟ್ಟಿ, ಇದು ಯಾರ ಕೈಕೆಲಸ ಎಂದು ಕೇಳಿದರು. ನಾನು ಸೆರಗು ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದೆ.

“ನಮ್ಮಮ್ಮಂದು” ಎಂದರು ಫಿಲೋಮಿನಕ್ಕ, ನನ್ನನ್ನೇ ನೋಡುತ್ತ.

ಅಲ್ಲ ಎನ್ನಲು ನಾನು ಬಾಯಿ ತೆರೆದರೆ ಎಲ್ಲವನ್ನೂ ಹೇಳಬೇಕು. ಅಜ್ಜಿ ಫ್ರಾಕನ್ನು ಬಿಟ್ಟು ನನ್ನ ಕಡೆ ತಿರುಗಿದರು. “ಆ ಕಾಲದೋರ ಕೈಯೇ ಬೇರೆ ಕಣಮ್ಮ. ಈಗಿನೋರಿಗೆ ಎಲ್ಲಿ ಬರುತ್ತೆ?” ಎಂದರು.

ಹೌದಜ್ಜಿ, ಈಗಿನವರಿಗೆ ಎಲ್ಲಿ ಬರುತ್ತೆ ಎಂದೆ. ಇಷ್ಟು ವರ್ಷದ ನನ್ನ ಕೈಕೆಲಸದಲ್ಲಿ ಜನ ಬಾಯಿತುಂಬ ಹೊಗಳಿದ್ದು ಅದೊಂದನ್ನೇ.