ಮೋಷನ್ ಬ್ಲರ್ ಮತ್ತು ಮಯೂರಿಯ ಹೋಳಿಗೆ

ನಮ್ಮ ಶೇಡಬಾಳದಲ್ಲಿ ನನಗಿಂತ ಚೆನ್ನಾಗಿ ದ್ರಾಕ್ಷಿ ಬೆಳೆಯುವವರಿದ್ದಾರೆ, ನನಗಿಂತ ಚೆನ್ನಾಗಿ ಭಜನೆ ಹಾಡುವವರಿದ್ದಾರೆ. ಆದರೆ ಟಿವಿಗೆ ಹಚ್ಚಿ ಆಡುವ ಗೇಮ್ ಡಬ್ಬಿಯ ವಿಷಯದಲ್ಲಿ ನನ್ನನ್ನು ಮೀರಿಸುವ ಗಂಡಸು ಕೃಷ್ಣಾ ತೀರದಲ್ಲಿ ಇನ್ನೂ ಹುಟ್ಟಿಲ್ಲವೆಂದೇ ನಂಬಿದ್ದೆ! ನನ್ನದು ಬಿಳಿ ಡಬ್ಬಿ. ಬೇಡಕಿಹಾಳದಲ್ಲಿರುವ ನನ್ನ ಹೆಂಡತಿಯ ತಮ್ಮ ಕುಣಾಲ ಹೊಸದಾಗಿ ಕಪ್ಪು ಡಬ್ಬಿ ತಂದುಕೊಂಡ. ತಂದವನು ಸುಮ್ಮನಿರಬೇಕೋ ಬೇಡವೋ? ಫೋನ್ ಮಾಡಿ, "ದಾಜಿ, ನಿಮ್ಮ ಬಿಳಿ ಡಬ್ಬ್ಯಾಗ ಎಲ್ಲಾ ಮಸಕ ಮಸಕ ಕಾಣತೈತ್ರಿ" ಎಂದ. ದಾಜಿ ಎಂದರೆ ನಮ್ಮ ಕಡೆ ಅಕ್ಕನ ಗಂಡ. ಮರ್ಯಾದೆಯಿಂದ ಕರೆದು ಮರ್ಯಾದೆ ತೆಗೆಯುವ ಕಲೆ ನನ್ನ ಮಾವನ ಮನೆಯವರಿಗೆ ಚೆನ್ನಾಗಿ ಗೊತ್ತು.

"ಐತವಾರ ನಿನ್ನ ಡಬ್ಬಿ ತೊಗೊಂಡ ಬಾ. ಒಂದ ಟಿವಿ, ಒಂದ ರೇಸ್. ಸಂಜೀ ಊಟದೊಳಗ ನಿನ್ನ ಸೊಕ್ಕ ಇಳಸತೇನಿ" ಎಂದು ಶಪಥ ಮಾಡಿದೆ.

ಸಂಜೆಯ ಊಟ ಎಂದೆನಲ್ಲ, ಅದು ನಮ್ಮಲ್ಲಿ ಸಣ್ಣ ವಿಷಯವಲ್ಲ. ನಮ್ಮದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಒಂದಗುಳೂ ಬಾಯಿಗೆ ಹೋಗುವಂತಿಲ್ಲ. ಇವತ್ತಿನ ಅಡುಗೆ ನಾಳೆಗೆ ನಡೆಯುವುದಿಲ್ಲ. ಕುಣಾಲನಂತೂ ಹೋದ ಚಾತುರ್ಮಾಸದಲ್ಲಿ ಮುನಿಗಳ ಮುಂದೆ ಕೈಮುಗಿದು ರಾತ್ರಿ ಉಣ್ಣುವುದಿಲ್ಲವೆಂದು ನಿಯಮ ತೆಗೆದುಕೊಂಡವನು. ತಮ್ಮ ಬರುತ್ತಾನೆಂದು ಮಯೂರಿ ಆ ದಿನ ಬೆಳಗಿನಿಂದಲೇ ಬೇಳೆ ಬೇಯಿಸಿ ಹೂರಣ ರುಬ್ಬುತ್ತಿದ್ದಳು. ಸಂಜೆ ಬಿಸಿ ಹೋಳಿಗೆ, ಮೇಲೆ ತುಪ್ಪ! ಹೊಟ್ಟೆಯಲ್ಲಿ ಜಾಗ ಇರಲೆಂದು ಮಧ್ಯಾಹ್ನ ನಾನೂ ಡಬ್ಬಿ ಹಿಡಿದು ಬಂದ ಕುಣಾಲನೂ ಬರೀ ಮಜ್ಜಿಗೆ ಕುಡಿದೆವು.

ಪಡುವಣ ಕಿಟಕಿಯಿಂದ ಬಿಸಿಲು ನೇರವಾಗಿ ಟಿವಿಯ ಮುಖಕ್ಕೆ ಹೊಡೆಯುತ್ತಿತ್ತು. ಹೀಗಾದರೆ ನ್ಯಾಯ ಹೇಗೆ? ಅವ್ವ ಹೊಲಿದಿಟ್ಟ ದಪ್ಪ ಕೌದಿಯನ್ನು ತಂದು ಕಿಟಕಿಗೆ ಕಟ್ಟಿದೆ. ಬಾಗಿಲನ್ನೂ ಮುಂದೆ ಮಾಡಿದೆ. ಪ್ರಯೋಗಶಾಲೆ ಸಿದ್ಧವಾಯಿತು.

ತಿಳಿಯದವರಿಗೆ ಹೇಳಿಬಿಡುತ್ತೇನೆ. ಫ್ರೇಮ್ ರೇಟ್ ಎಂದರೆ ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಲೆಕ್ಕ. ಹೆಚ್ಚಿದ್ದರೆ ಕಾರು ಸರಾಗವಾಗಿ ಹರಿಯುತ್ತದೆ. ಕಡಿಮೆಯಾದರೆ ಕಸ ಕಟ್ಟಿದ ಡ್ರಿಪ್ ಪೈಪಿನ ಹಾಗೆ ತಡೆದು ತಡೆದು ಬರುತ್ತದೆ. ಮೋಷನ್ ಬ್ಲರ್ ಎಂದರೆ ವೇಗ ಕಾಣಲೆಂದು ಗೇಮ್ ಮಾಡಿದವರೇ ಬಳಿಯುವ ಮಸುಕು. ರೇಸಿನ ತಿರುವಿನಲ್ಲೊಂದು ಬೋರ್ಡ್ ಇತ್ತು. ಕಾರು ತಿರುಗುವಾಗ ಅದನ್ನು ಓದಲು ಬಂದರೆ ಡಬ್ಬಿ ಗೆದ್ದ ಹಾಗೆ.

ಮೊದಲು ನನ್ನದನ್ನು ಹಚ್ಚಿದೆವು.

"ನೋಡ್ರಿ ದಾಜಿ, ಬೋರ್ಡ್ ಓದಾಕ ಬರೂದಿಲ್ಲ" ಎಂದ ಕುಣಾಲ.

"ನೀ ಜೋರ ತಿರುಗಿಸಿದಿ."

"ರೇಸಿನಾಗ ಸಾವಕಾಶ ತಿರಗಸ್ತಾರೇನ್ರಿ?"

ಅವನದನ್ನು ಹಚ್ಚಿದೆವು. "ನಿಂದರಾಗರ ಎಲ್ಲಿ ಓದಾಕ ಬರತೈತಿ?" ಎಂದೆ.

"ನನಗ ಬರತೈತ್ರಿ. ನಿಮಗ ಚಾಳಸಿ ಬಂದಿರಬೇಕ."

ನಲವತ್ತು ದಾಟದ ನನಗೆ ಚಾಳೀಸು! ಈಗ ನನ್ನೊಳಗಿನ ವಿಜ್ಞಾನಿ ಎದ್ದು ಕೂತ. ಮೊಬೈಲಿನಲ್ಲಿ ಟಿವಿಯ ಸ್ಲೋ ಮೋಷನ್ ವಿಡಿಯೋ ತೆಗೆಯುವುದು, ಹಿಗ್ಗಿಸಿ ನೋಡುವುದು, ಜಗಳಾಡುವುದು, ಮತ್ತೆ ತೆಗೆಯುವುದು.

"ಏಳ್ರಿ, ತಾಟ ಹಾಕೇನಿ" ಎಂದು ಮಯೂರಿ ಒಳಗಿನಿಂದ ಕೂಗಿದಳು.

"ಇದೊಂದ ತಿರುವು, ಬಂದ್ವಿ" ಎಂದೆ.

ಮತ್ತೆ ಕೂಗಿದಳು. ಮತ್ತೊಂದು ತಿರುವು ಬಂತು. ಊಟ ಮುಗಿಸಿ ಬಾಯಿ ಮುಕ್ಕಳಿಸಿದ ನಮ್ಮಪ್ಪ ರಾವಸಾಹೇಬರು ಬಾಗಿಲು ಸರಿಸಿ ಇಣುಕಿದರು. "ಸುಹಾಸ, ಹೊತ್ತ ಇಳದೈತಿ."

"ಇನ್ನೂ ಬಿಸಲ ಐತಲ್ರಿ ಕಾಕಾ" ಎಂದು ಕುಣಾಲ ಕಿಟಕಿಯತ್ತ ಕೈ ತೋರಿಸಿದ. ನಾನೂ ನೋಡಿದೆ. ಹೌದು, ಕೌದಿಯ ತುಂಬ ಹೊಂಬಿಸಿಲು ಬಿದ್ದಿತ್ತು. ನಮ್ಮಪ್ಪ ಯಾವ ಮಾತನ್ನೂ ಎರಡು ಸಲ ಹೇಳುವವರಲ್ಲ. ಬಾಗಿಲು ಎಳೆದುಕೊಂಡು ಹೋದರು.

ಕೊನೆಗೆ ಸಾಕ್ಷಿ ಹುಡುಕುತ್ತ ಎರಡೂ ಡಬ್ಬಿಗಳ ಸೆಟ್ಟಿಂಗ್ ತೆರೆದು ನೋಡಿದೆವು. ‘ಮೋಷನ್ ಬ್ಲರ್’ ಎಂದೇ ಒಂದು ಗುಂಡಿ ಅಲ್ಲಿತ್ತು! ನನ್ನದರಲ್ಲಿ ಆನ್, ಅವನದರಲ್ಲಿ ಆಫ್. ನನ್ನದನ್ನೂ ಆಫ್ ಮಾಡಿ ಓಡಿಸಿದೆವು. ಅದೇ ತಿರುವು, ಅದೇ ಬೋರ್ಡ್, ಅಕ್ಷರ ಸ್ಪಷ್ಟ. ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಇಷ್ಟು ಹೊತ್ತು ಬಡಿದಾಡಿದ್ದು ಒಂದು ಗುಂಡಿಗಾಗಿ.

"ಇಬ್ಬರೂ ಗೆದ್ವಿ ಬಿಡ್ರಿ ದಾಜಿ, ಹೋಳಿಗಿ ಉಣ್ಣೂಣು" ಎಂದು ಕುಣಾಲ ಎದ್ದ. ನಾನು ಟಿವಿ ಆರಿಸಿದೆ.

ಕೋಣೆ ಕಗ್ಗತ್ತಲಾಯಿತು! ಕೌದಿಯ ಮೇಲಿದ್ದ ಬಿಸಿಲೂ ಮಾಯ. ಗಾಬರಿಯಿಂದ ಕೌದಿ ಕಿತ್ತೆಳೆದರೆ ಹೊರಗೆ ಬೀದಿದೀಪ ಉರಿಯುತ್ತಿತ್ತು, ಅದಕ್ಕೆ ಹುಳ ಮುತ್ತಿದ್ದವು. ಟಿವಿಯೊಳಗೆ ರೇಸಿನ ಗುಡ್ಡದ ಮೇಲೆ ಅಲುಗಾಡದೆ ನಿಂತಿದ್ದ ಸೂರ್ಯನ ಬೆಳಕನ್ನೇ ನಾವು ಶೇಡಬಾಳದ ಬಿಸಿಲೆಂದು ನಂಬಿ ಕೂತಿದ್ದೆವು.

ಅಡುಗೆಮನೆಗೆ ಓಡಿದೆವು. ಎರಡು ತಾಟುಗಳು ತೊಳೆದು ಬೋರಲು ಬಿದ್ದಿದ್ದವು.

"ಪಡುವಣಕ್ಕ ಇನ್ನೂ ಒಂಚೂರ ಕೆಂಪ ಐತಿ" ಎಂದು ಮೆಲ್ಲಗೆ ರಾಗ ತೆಗೆದೆ.

ಮಯೂರಿ ತಿರುಗಿಯೂ ನೋಡಲಿಲ್ಲ. "ನಿಮ್ಮ ರೇಸಿನಾಗ ಹೊತ್ತ ಮುಳಗೇ ಇಲ್ಲಲಾ. ಅಲ್ಲೇ ಹೋಗಿ ಉಣ್ರಿ."

"ಹೋಳಿಗಿ ಎಲ್ಲಿ ಅಕ್ಕಾ?" ಎಂದು ಕುಣಾಲ ಬುಟ್ಟಿಯ ಮುಚ್ಚಳ ಎತ್ತಿ ನೋಡಿದ.

"ನಾಳಿಗೆ ನಡಿಯೂದಿಲ್ಲಲಾ. ಬಾಜೂ ಮನಿಗೆ ಕೊಟ್ಟೆ."

ನಿಜ ಹೇಳುತ್ತೇನೆ, ನನಗೆ ಅಳುವೇ ಬಂತು. ನೀರಿಗೆ ನಮ್ಮ ಮನೆಯಲ್ಲಿ ರಿಯಾಯಿತಿ ಉಂಟು. ನಾವಿಬ್ಬರೂ ಒಂದೊಂದು ತಂಬಿಗೆ ನೀರು ಕುಡಿದು ಕಟ್ಟೆಯ ಮೇಲೆ ಕೂತೆವು. ಬೆಳಗಾಗಲು ಎಷ್ಟು ಫ್ರೇಮ್ ಬಾಕಿಯಿವೆ ಎಂದು ಲೆಕ್ಕ ಹಾಕುವ ಶಕ್ತಿಯೂ ಉಳಿದಿರಲಿಲ್ಲ.

ಅಷ್ಟರಲ್ಲಿ ಬಾಜೂ ಮನೆಯ ಕಸ್ತೂರೆವ್ವ ತೊಳೆದ ಪಾತೇಲಿ ಹಿಡಿದು ಬಂದರು. ಮುಖದಲ್ಲಿ ತುಪ್ಪದ ಕಳೆ.

"ಮಯೂರಿ, ಹೋಳಿಗಿ ಭಾಳ ಚಲೋ ಆಗಿದ್ವು. ನಮ್ಮ ಮನ್ಯಾಗ ಒಂದೂ ಉಳೀಲಿಲ್ಲ ನೋಡ" ಎಂದು ಪಾತೇಲಿ ಕೊಟ್ಟು, ನಮ್ಮಿಬ್ಬರತ್ತ ತಿರುಗಿದರು. "ಮಧ್ಯಾಹ್ನದಿಂದ ರೇಸಿನ ಸಪ್ಪಳ ನಮ್ಮ ಮನೀತನಾ ಕೇಳತಿತ್ತು. ಕಡೀಕ ಯಾರ ಗೆದ್ರು?"

ಮಯೂರಿ ನನ್ನನ್ನು ನೋಡಿದಳು, ತಮ್ಮನನ್ನು ನೋಡಿದಳು.

"ನೀವ ಗೆದ್ರಿ ಕಸ್ತೂರೆವ್ವಾ" ಎಂದಳು.