ಸೀಬೆಹಣ್ಣಿನೊಡನೆ ಏಳು ಪುಟ ಪ್ರೇಮವನ್ನೂ ಒಯ್ದ ಕಪಿಮಹಾಶಯರಿಗೆ

ಮಾನ್ಯ ಕಪಿಮಹಾಶಯರೇ,

ನಮ್ಮ ಕನ್ನಡ ಸಂಘದ ಸಭಾಂಗಣದ ಹಿಂದಿನ ಬೇವಿನ ಮರದಲ್ಲಿ ಸಪರಿವಾರ ಸುಖವಾಗಿರುವ ತಮಗೆ, ಫರೀದಾಬಾದಿನ ನಿವೃತ್ತ ಕನ್ನಡ ಮೇಷ್ಟ್ರು ಸೂರ್ಯನಾರಾಯಣನು ಒಂದು ಕೈಯಿಂದ ನಮಸ್ಕರಿಸಿ, ಇನ್ನೊಂದು ಕೈಯಿಂದ ಚೀಲವನ್ನು ಭದ್ರವಾಗಿ ಹಿಡಿದುಕೊಂಡು ಮಾಡುವ ಬಿನ್ನಹ.

ನಾನು ಇಪ್ಪತ್ತೆರಡು ಪ್ರಣಯ ಕಾದಂಬರಿಗಳ ಕರ್ತೃ. ಅವುಗಳಲ್ಲಿ ಯಾವ ನಾಯಕನೂ ನಾಲ್ಕು ಉಪಮೆಗಳಿಗಿಂತ ಕಡಿಮೆಯಲ್ಲಿ ಪ್ರೇಮ ನಿವೇದಿಸಿದವನಲ್ಲ. ನನ್ನ ಪತ್ನಿ ರತ್ನಪ್ರಭಾ ಅವುಗಳಲ್ಲಿ ಒಂದನ್ನೂ ಪೂರ್ತಿ ಓದಿಲ್ಲ, "ಅಷ್ಟು ಮಾತಾಡೋ ಗಂಡಸನ್ನ ಯಾರ್ರೀ ಕಟ್ಕೋತಾರೆ?" ಎಂಬುದು ಆಕೆಯ ಸಮಗ್ರ ವಿಮರ್ಶೆ. ಆದ್ದರಿಂದ ನಮ್ಮ ಕನ್ನಡ ಸಂಘದ ನಾಟಕಕ್ಕೆ ನಾನು ಬರೆದ ಕೊನೆಯ ದೃಶ್ಯವನ್ನಾದರೂ ಆಕೆ ಪೂರ್ತಿ ಕೇಳಲಿ ಎಂಬುದೊಂದೇ ನನ್ನ ಆಸೆಯಾಗಿತ್ತು.

ಅದಕ್ಕಾಗಿ ಕಳೆದ ವಾರವಿಡೀ, ಎದುರಿನ ಕಂಬವೂ ಕಾಣದ ಮಂಜಿನಲ್ಲಿ ಮೆಟ್ರೋ ಹಿಡಿದು ಓಲ್ಡ್ ರಾಜಿಂದರ್ ನಗರದ ತರಬೇತಿ ಕೇಂದ್ರಕ್ಕೆ ಹೋಗಿ, ಐಎಎಸ್ ಪರೀಕ್ಷೆಗೆಂದು ಕನ್ನಡ ಸಾಹಿತ್ಯ ಆಯ್ದುಕೊಂಡು ಮಂಕಿಟೋಪಿಯೊಳಗೆ (ಈ ಹೆಸರಿಗೆ ತಮ್ಮ ಕ್ಷಮೆಯಿರಲಿ) ನಡುಗುತ್ತಿದ್ದ ಹನ್ನೊಂದು ಮಂದಿಗೆ ಶೃಂಗಾರರಸವನ್ನು ಬೋಧಿಸಿ, ಸಂಜೆ ತಾಲೀಮು ನಡೆಸಿ, ಹೋಗುತ್ತ ಬರುತ್ತ ಆ ದೃಶ್ಯವನ್ನು ತಿದ್ದಿದೆ. ಭಾನುವಾರ ಬೆಳಿಗ್ಗೆಯೂ ತಿದ್ದುತ್ತಿದ್ದುದರಿಂದ ಅದಕ್ಕೆ ನಕಲಿರಲಿಲ್ಲ.

ಹನ್ನೊಂದು ಗಂಟೆಗೆ, ಅರ್ಧ ಕಿಲೋ ಸೀಬೆಹಣ್ಣಿನ ಸಮೇತ ಆ ಏಳು ಪುಟಗಳಿದ್ದ ಚೀಲವನ್ನು ತಾವು ಸಭಾಂಗಣದ ಗೇಟಿನ ಬಳಿ ಸ್ವೀಕರಿಸಿದಿರಿ. "ಬಿಸ್ಕತ್ತು ಕೊಡಿ ಮಾಸ್ಟರ್‌ಜೀ, ಚೀಲ ವಾಪಸ್ ಕೊಡ್ತಾನೆ" ಎಂದು ಕಾವಲಿನ ಭಯ್ಯಾ ಸೂಚಿಸಿದನು. ಬಿಸ್ಕತ್ತನ್ನೂ ತಾವು ಸ್ವೀಕರಿಸಿದಿರಿ.

ನಮ್ಮ ನಾಯಕ ಚರಣ್ ಗ್ರೇಟರ್ ನೋಯ್ಡಾದಲ್ಲೇ ಬೆಳೆದವನು. ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಹೀಗಾಗಿ ನಾನು ಪರದೆಯ ಮರೆಯಲ್ಲಿ ನಿಂತು ಮೆಲ್ಲಗೆ ಹೇಳಿಕೊಡುವುದು, ಅವನು ಅದನ್ನೇ ಗಟ್ಟಿಯಾಗಿ ನುಡಿಯುವುದು ನಮ್ಮ ಸಂಘದ ಪದ್ಧತಿ. ಅಂದಿನ ಪ್ರದರ್ಶನದಲ್ಲಿ ಕೊನೆಯ ದೃಶ್ಯ ಬಂತು. ಅವನು ನಾಯಕಿ ಅಮೂಲ್ಯಳ ಕೈಹಿಡಿದು ನನ್ನತ್ತ ಕಿವಿಗೊಟ್ಟನು. ನನಗೆ ನನ್ನದೇ ಒಂದು ಉಪಮೆಯೂ ನೆನಪಾಗಲಿಲ್ಲ. ಅದೇ ಹೊತ್ತಿಗೆ, ಕಷಾಯದ ಫ್ಲಾಸ್ಕ್ ಹಿಡಿದು ನನ್ನ ಪಕ್ಕದಲ್ಲಿ ನಿಂತಿದ್ದ ರತ್ನಪ್ರಭಾ ಕೆಮ್ಮಿದಳು. ಶಾಲು ಹೆಗಲಿನಿಂದ ಜಾರಿತ್ತು.

"ಎಷ್ಟು ಸಲ ಹೇಳೋದು? ಶಾಲು ಸರಿಯಾಗಿ ಹೊದ್ಕೋ. ನೀನು ಮಲಗಿಬಿಟ್ರೆ ನನಗ್ಯಾರಿದಾರೆ?" ಎಂದು ಆಕೆಗೆ ಪಿಸುಗುಟ್ಟಿದೆ.

ಚರಣ್ ಒಂದಕ್ಷರ ಬಿಡದೆ ಅದನ್ನೇ ನಾಯಕಿಗೆ ನುಡಿದನು. ಅಮೂಲ್ಯ ಒಂದು ಕ್ಷಣ ತಬ್ಬಿಬ್ಬಾಗಿ, ಸೆರಗು ಹೊದ್ದು, ನಿಜವಾಗಿಯೇ ಅತ್ತಳು. ಪರದೆ ಬಿತ್ತು. ಚಪ್ಪಾಳೆ ನಿಲ್ಲಲಿಲ್ಲ.

ನನ್ನ ದೂರು ಇದೇ. ನನ್ನ ಉಪಮೆಗಳಿಗೆ ಎಂದೂ ಒದ್ದೆಯಾಗದ ಸಭಿಕರ ಕಣ್ಣುಗಳು ನನ್ನ ಬೈಗುಳಕ್ಕೆ ಒದ್ದೆಯಾದವು. ಮುಂದಿನ ಭಾನುವಾರವೂ ಇದೇ ಮುಕ್ತಾಯವಿರಬೇಕೆಂದು ಸಂಘದ ಸಮಿತಿ ಠರಾವು ಮಾಡಿದೆ. ಮನೆಗೆ ಮರಳುವ ಮೆಟ್ರೋ ಬದರಪುರ ದಾಟಿದ ಮೇಲೆ ರತ್ನಪ್ರಭಾ, "ಇಪ್ಪತ್ತೆರಡು ಪುಸ್ತಕ ಬರೆದ್ರಲ್ಲ, ಇದನ್ನ ಎಲ್ಲಿ ಬಚ್ಚಿಟ್ಟಿದ್ರಿ?" ಎಂದಳು. ಉತ್ತರವನ್ನು ನಾನು ಇನ್ನೂ ತಿದ್ದುತ್ತಿದ್ದೇನೆ.

ಆದಕಾರಣ ತಾವು ದಯಮಾಡಿ ಸಮಿತಿಯ ಮುಂದೆ ಹಾಜರಾಗಿ, ಸದರಿ ಮುಕ್ತಾಯ ತಮ್ಮ ಕೃತಿಯೆಂದು ಒಪ್ಪಿಕೊಳ್ಳಬೇಕು. ಸಾಧ್ಯವಾದರೆ ರಾಜಿಂದರ್ ನಗರಕ್ಕೂ ಒಮ್ಮೆ ಬಂದು, ಉತ್ತರಗಳನ್ನು ವಿಪರೀತ ಬೆಳೆಸುವ ನನ್ನ ಶಿಷ್ಯರಿಗೆ ಸಂಕ್ಷೇಪಕಲೆಯನ್ನು ಬೋಧಿಸಬೇಕು. ಸೀಬೆಹಣ್ಣಿನ ಏರ್ಪಾಡು ನನ್ನದು.

ಚೀಲ ಕಳೆದುಕೊಂಡರೂ ಗೌರವ ಕಳೆದುಕೊಳ್ಳದ
ತಮ್ಮ ವಿಶ್ವಾಸಿ,
ಸೂರ್ಯನಾರಾಯಣ

ಮರೆತ ಮಾತು: ಮರದಡಿ ಏಳನೆಯ ಪುಟ ದೊರೆಯಿತು. ತಾವು ಅದರಲ್ಲಿ ಕಚ್ಚಿ ತೆಗೆದಿರುವುದು, ರತ್ನಪ್ರಭಾ ಹಿಂದಿನ ವಾರವೇ ಇಣುಕಿ ನೋಡಿ ತೆಗೆಯಿರೆಂದಿದ್ದ ಸಾಲುಗಳನ್ನು ಮಾತ್ರ. ತಮಗೂ ಆಕೆಗೂ ಮೊದಲೇ ಪರಿಚಯವಿತ್ತೇ ಎಂಬುದನ್ನು ಮರುಟಪಾಲಿನಲ್ಲಿ ತಿಳಿಸುವುದು.